ಕೈದಿ ತಿಬುರ್ಸಿಯೊ ಗಾಲಿಂದೊ ಅವರ ಜನ್ಮದೇಶದ ಅಂಕಣವನ್ನು ಕುರಿತು

ಇಂದ,
ಸೆನೈದಾ ಲೆಯ್ವಾ, ಗುಮಾಸ್ತೆ,
ಕ್ಯಾರಿಸಾಲ್ ಕೌಂಟಿ ಜೈಲು (ಸೋರುವ ಕಟ್ಟಡ),
ಟೆಕ್ಸಸ್.

ಗೆ,
ಮಾನ್ಯ ಮರುಪಾವತಿ ಅಧಿಕಾರಿಗಳು,
ದಾಖಲೆಯಿಲ್ಲದ ವಲಸಿಗ ಕೈದಿಗಳ ಖರ್ಚಿನ ವಿಭಾಗ,
ವಾಷಿಂಗ್ಟನ್.

ಮಾನ್ಯರೇ,

ವಿಷಯ: ಹೊಳೆಯು ಮಗ್ಗುಲು ಬದಲಿಸಿದ ಕಾರಣ ಕೈದಿಯ ಜನ್ಮದೇಶ ತುಂಬಲಾಗದೆ ಇರುವ ಬಗ್ಗೆ.

ಉಲ್ಲೇಖ: 1. ಜೈಲಿನ ಸೂರು ರಿಪೇರಿಗೆ ಹಣ ಕೋರಿ ಹಿಂದಿನ ಗುಮಾಸ್ತರು ಬರೆದ ಪತ್ರ.
2. ಅದಕ್ಕೆ ತಮ್ಮ ಉತ್ತರ: 'ಪರಿಶೀಲನೆಯಲ್ಲಿದೆ'.
3. ಅರ್ಜಿದಾರಳ ಅಜ್ಜಿ ಹೇಳಿದ ಕಥೆ (ಮೌಖಿಕ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ದಾಖಲೆಯಿಲ್ಲದ ವಲಸಿಗರು ತಪ್ಪು ಮಾಡಿ ಜೈಲಿನಲ್ಲಿದ್ದರೆ ಕಾವಲುಗಾರರ ಸಂಬಳದ ಒಂದು ಪಾಲನ್ನು ಕೇಂದ್ರ ಸರ್ಕಾರ ಕೌಂಟಿಗೆ ಹಿಂದಿರುಗಿಸುವುದು ಸರಿಯಷ್ಟೆ. ಈ ಸಾಲಿನಲ್ಲಿ ನಮಗೆ ದೊರೆತಿರುವುದು ಒಬ್ಬರೇ: ಮೇಕೆ ಮೇಯಿಸುವ ವೃದ್ಧರಾದ ದೋನ್ ತಿಬುರ್ಸಿಯೊ ಗಾಲಿಂದೊ. ಇವರ ಮೇಕೆ ಪೆರ್ಲಾ ಕೋರ್ಟಿನ ಅಂಗಳದ ಹೂಗಿಡಗಳನ್ನು ತಿಂದದ್ದು ಮೊದಲ ಅಪರಾಧ. ಅದರ ಜುಲ್ಮಾನೆ ನೋಟಿಸನ್ನೂ ಅದೇ ಮೇಕೆ ತಿಂದುಹಾಕಿ, ಆ ಕಾರಣ ಇವರು ಹಣ ಕಟ್ಟದೆ ಉಳಿದದ್ದು ಎರಡನೆಯದು. ಎರಡು ಸಣ್ಣ ಅಪರಾಧಗಳಾದರೆ ಸಾಕೆಂದು ತಮ್ಮ ಸುತ್ತೋಲೆಯಲ್ಲಿ ಇರುವುದರಿಂದ, ಶೆರಿಫ್ ವೆಂಡೆಲ್ ಸ್ಟ್ರಾಡ್ ಅವರು ಸಂತೋಷಪಟ್ಟು ಕೈದಿಗೆ ತಮ್ಮ ಕೈಯಾರೆ ಕಾಫಿ ತಂದುಕೊಟ್ಟರು.

2. ನಮೂನೆಯಲ್ಲಿ ಎಲ್ಲವೂ ತುಂಬಿದೆ, 'ಹುಟ್ಟಿದ ದೇಶ' ಒಂದನ್ನು ಬಿಟ್ಟು. ಮೆಕ್ಸಿಕೊ ಎಂದು ಬರೆದು ಕೈತೊಳೆದುಕೊಳ್ಳುವಂತೆ ಶೆರಿಫರ ಆದೇಶವಾಯಿತು. ಹಾಗೆ ಬರೆದರೆ ಹಣ ಬರುತ್ತದೆ, ಸೂರಿಗೆ ಟಾರು ಬೀಳುತ್ತದೆ. ಆದರೆ ಗುರುವಾರ ಶಿಕ್ಷೆ ಮುಗಿದೊಡನೆ ಗಡಿಯವರ ವ್ಯಾನು ಬಂದು, ದೋನ್ ತಿಬುರ್ಸಿಯೊ ಅವರನ್ನು ಒಬ್ಬ ನರಪಿಳ್ಳೆಯ ಗುರುತೂ ಇಲ್ಲದ ಆಚೆ ದಡದ ಊರಿನಲ್ಲಿ ಇಳಿಸಿ ಹೋಗುತ್ತದೆ. ಮೇಕೆಗಳು ಈಚೆಯೇ ಉಳಿಯುತ್ತವೆ.

3. ಆದ್ದರಿಂದ ಅರ್ಜಿದಾರಳು ಕಂಬಿಯ ಬಳಿ ಹೋಗಿ, ತಾವು ಹುಟ್ಟಿದ್ದು ಯಾವ ದೇಶವೆಂದು ಕೇಳಿದಳು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ದೇಶ ನಂಗೊತ್ತಿಲ್ಲ ಮಗಳೇ. ಹೊಕ್ಕುಳಬಳ್ಳಿ ಎಲ್ಲಿ ಹೂತಿದ್ಯೋ ಅದೇ ನನ್ನೂರು. ಹೂತಿದ್ದು ನಿಮ್ಮಜ್ಜಿ ಪೆತ್ರಾನೇ, ಹೊಳೆ ತಿರುವಿನ ದೊಡ್ಡ ಮರದ ಬುಡದಲ್ಲಿ," ಎಂದರು.

4. ಇಲ್ಲಿ ಅರ್ಜಿದಾರಳು ನಮೂನೆಯನ್ನು ಬದಿಗಿಟ್ಟಳು. ಕಾರಣ: ಅಜ್ಜಿ ದೋನ್ಯಾ ಪೆತ್ರಾ ಈ ಹೊಳೆಬದಿಗೆಲ್ಲ ಸೂಲಗಿತ್ತಿ. ಗಂಡಾದರೆ ಹೊಕ್ಕುಳಬಳ್ಳಿಯನ್ನು ಮರದ ಬುಡದಲ್ಲಿ, ಹೆಣ್ಣಾದರೆ ಒಲೆಯ ಪಕ್ಕದಲ್ಲಿ ಹೂಳುವುದು ಇಲ್ಲಿನ ಪದ್ಧತಿ. (ಅರ್ಜಿದಾರಳದು ಒಲೆಯ ಪಕ್ಕದಲ್ಲಿದ್ದು, ದೇಶದ ತಕರಾರಿಲ್ಲ.) ಆಕೆ ಮೊಮ್ಮಗಳ ತಲೆ ಸವರುತ್ತ ಹೇಳುತ್ತಿದ್ದ ಕಥೆಯಲ್ಲಿ, ಒಂದು ಹೊಳೆಗೆ ಮಲಗಿ ಮಲಗಿ ಬೆನ್ನು ನೋಯುತ್ತದೆ, ಅದು ಮಗ್ಗುಲು ಹೊರಳುತ್ತದೆ. ಸಂಜೆ ಮನೆಯ ಮುಂದೆ ಹರಿಯುತ್ತಿದ್ದದ್ದು ಬೆಳಗಾಗುವಷ್ಟರಲ್ಲಿ ಹಿತ್ತಲಿನಲ್ಲಿ. ಆ ಹೊರಳಾಟದ ನಡುವೆ ಒಂದು ಗಂಡುಮಗು. ಬಾಣಂತಿ ಕಣ್ಣುಬಿಟ್ಟವಳು, ಸದ್ಯ, ನೀರು ಹತ್ತಿರ ಬಂತಲ್ಲ, ಅಂದಳಂತೆ. ಮಗು ಯಾವ ದಡದ್ದು ಎಂದು ಅರ್ಜಿದಾರಳು ಪ್ರತಿ ಸಲವೂ ಕೇಳುವಳು. "ಮಲಕ್ಕೋ. ಹೊಳೆ ಇನ್ನೂ ಹೇಳಿಲ್ಲ," ಎಂದು ಅಜ್ಜಿ ದೀಪ ಆರಿಸುವಳು. ಆ ಮಗುವೇ ಮುದುಕನಾಗಿ, ಮೇಕೆ ಕಳ್ಳತನದ ಆಪಾದನೆಯೂ ಇಲ್ಲದೆ ಬರೀ ಮೇಕೆಯ ಹಸಿವಿಗಾಗಿ ಈ ಕಚೇರಿಯಲ್ಲೇ ಕಂಬಿ ಎಣಿಸೀತೆಂದು ಅರ್ಜಿದಾರಳು ಭಾವಿಸಿರಲಿಲ್ಲ.

5. ಕಥೆ ದಾಖಲೆಯಾಗದು, ಕಾರಣ ಸ್ಥಳ ಮಹಜರು ಆಗತಕ್ಕದ್ದೆಂದು ಶೆರಿಫರು ಗದರಿ, ಕೈದಿಯನ್ನೂ ಅರ್ಜಿದಾರಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ತಿರುವಿಗೆ ಹೊರಟರು. ಪೆರ್ಲಾ ಕರೆಯದೆಯೇ ಹಿಂದೆ ಬಂತು. ಹೊಳೆ ಆಮೇಲೆಯೂ ಅತ್ತಿತ್ತ ಹೊರಳಾಡಿ, ಈಗ ಆ ಮರ ಪಾತ್ರದ ನಟ್ಟನಡುವೆ ನಿಂತಿದೆ. ನೀರು ಬತ್ತಿದ್ದರಿಂದ ಕಾಲು ಒದ್ದೆಯಾಗಲಿಲ್ಲ. ಗಡಿಯೆಂದರೆ ಹೊಳೆಯ ನಡುಗೆರೆ. ಆ ಗೆರೆ ಮರದ ಕಾಂಡದೊಳಗೇ ಹಾದುಹೋಗುವುದು ನಕ್ಷೆಯಿಂದ ದೃಢಪಟ್ಟಿತು. ಶೆರಿಫರು ಮರದ ಆಚೆ, ಎಂದರೆ ಮೆಕ್ಸಿಕೊ ಮಗ್ಗುಲಿನ ನೆರಳಿನಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತ, ನಿನ್ನ ಹೊಕ್ಕುಳಬಳ್ಳಿ ಎಲ್ಲಿದೆ ತೋರಿಸು ಮುದುಕಪ್ಪ, ಎಂದರು.

"ನಂದು ಈ ಮಗ್ಗುಲು ವೆಂಡೆಲ್," ಎಂದರು ದೋನ್ ತಿಬುರ್ಸಿಯೊ. "ನಿಂದು ನೀನು ನಿಂತಿರೋ ಕಡೆ. ನಿಮ್ಮಪ್ಪ ಆಗ ಇಲ್ಲೇ ಹತ್ತಿ ಬೆಳೀತಿದ್ದ, ಡಾಕ್ಟರಿಗೆ ಕೊಡೋಕೆ ಕಾಸಿರಲಿಲ್ಲ. ಪೆತ್ರಾನ್ನ ಕರ್ಕೊಂಡು ಬಂದೋನು ನಾನೇ, ಗುಂಡಿ ತೋಡಿದೋನೂ ನಾನೇ. ನೀನು ಹಂದಿಮರಿ ಥರ ಕಿರುಚ್ತಿದ್ದೆ."

ಶೆರಿಫರು ಕೂಡಲೇ ಮರದ ಈಚೆ ಮಗ್ಗುಲಿಗೆ ಬಂದು ನಿಂತರು.

6. ಹಿಂದಿರುಗುವಾಗ ಜೀಪಿನಲ್ಲಿ ಶೆರಿಫರು ಕೇಳಿದರು: "ಸೆನೈದಾ, ಆ ಸೂರಿನ ಕಾಗದಕ್ಕೆ ವಾಷಿಂಗ್ಟನ್ನೋರು ಏನಂತ ಉತ್ತರ ಕೊಟ್ಟಿದ್ರು?"

"ಪರಿಶೀಲನೆಯಲ್ಲಿದೆ ಅಂತ ಸಾರ್."

"ಎಷ್ಟು ಕಾಲದಿಂದ?"

"ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ."

"ಒಳ್ಳೇ ಜನ," ಎಂದರು ಶೆರಿಫರು.

7. ಮರದ ಒಂದು ಮಗ್ಗುಲಿಗೆ ದೇಶ ಬರೆದರೆ ಇನ್ನೊಂದು ಮಗ್ಗುಲಿಗೂ ಬರೆಯಬೇಕಾಗುವುದರಿಂದ ಅಂಕಣವನ್ನು ಖಾಲಿ ಬಿಡಲಾಗಿದೆ. ಜನ್ಮದೇಶದ ತಕರಾರು ತಮ್ಮ ಪರಿಶೀಲನೆಯಲ್ಲಿರುವ ತನಕ ಯಾರನ್ನೂ ಗಡಿ ದಾಟಿಸುವಂತಿಲ್ಲವೆಂದು ತಮ್ಮದೇ ಸುತ್ತೋಲೆ ಹೇಳುತ್ತದೆ. ಕಾರಣ, ಗುರುವಾರ ದೋನ್ ತಿಬುರ್ಸಿಯೊ ಅವರನ್ನು ಅವರ ಮೇಕೆಗಳ ಬಳಿಗೇ ಕಳುಹಿಸಲು ಅಡ್ಡಿಯಿಲ್ಲ. ಸೂರು ಸೋರುವಲ್ಲಿ ಬಕೆಟ್ ಇಡಲಾಗುವುದು.

ಆದ್ದರಿಂದ ತಾವು ದಯವಿಟ್ಟು ಈ ಅರ್ಜಿಯನ್ನು ಮಂಜೂರೂ ಮಾಡದೆ, ತಿರಸ್ಕರಿಸಲೂ ಹೋಗದೆ, ಇಬ್ಬರು ಗಂಡಸರ ಆಯಸ್ಸು ಮುಗಿಯುವವರೆಗೆ ಪರಿಶೀಲನೆಯಲ್ಲಿ ಇರಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಎರಡನೆಯವರ ಹೆಸರನ್ನು ನಮೂನೆಯಲ್ಲಿ ಸೇರಿಸಿಲ್ಲ; ಅವರೇ ಕೆಳಗೆ ಸಹಿ ಮಾಡಿದ್ದಾರೆ.

ತಮ್ಮ ವಿಶ್ವಾಸಿ,
ಸೆನೈದಾ ಲೆಯ್ವಾ

ಮೇಲುಸಹಿ: ವೆಂಡೆಲ್ ಸ್ಟ್ರಾಡ್, ಶೆರಿಫ್

ಲಗತ್ತುಗಳು:
ಜುಲ್ಮಾನೆ ನೋಟಿಸು, ಅರ್ಧ (ಉಳಿದರ್ಧ ಮೇಕೆಯ ಸ್ವಾಧೀನದಲ್ಲಿದೆ).
ಮರದ ಫೋಟೊ, ಈಚೆ ಮಗ್ಗುಲಿನದು ಮಾತ್ರ.
ಹೊಳೆಯ ಮರಳು, ಒಂದು ಪೊಟ್ಟಣ. ದೇಶ ನಮೂದಿಸಿಲ್ಲ.

ವಿ.ಸೂ.: ಈ ಕಡತವನ್ನು ಸೂರಿನ ಕಡತವಿರುವ ಕಪಾಟಿನಲ್ಲೇ, ಅದರ ಕೆಳಗೆ ಇಡಬೇಕಾಗಿ ವಿನಂತಿ.