ಮಾದಿ ಹೆತ್ತೆಯ ಸಾವಿನ ಹಣ

ವಿಮಾನ ನಿಲ್ದಾಣದ ತಂಪು ಕೋಣೆಯಲ್ಲಿ ಕುಳಿತು ದೇಶದ ಬಾಗಿಲು ಕಾಯುತ್ತಿರುವ ಸುಂಕದ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನೀಲಗಿರಿಯ ಸೋಲೂರಿನಲ್ಲಿ ಒಂದೂವರೆ ಎಕರೆ ಚಹಾ ಬೆಳೆಯುವ ಭೋಜನ್ ತಲೆಬಾಗಿ ಮಾಡುವ ನಮಸ್ಕಾರಗಳು. ಗಡಿಗೂ ಕಳ್ಳಸಾಗಣೆಗೂ ಕಾನೂನು ಬಿಗಿಯಾಯಿತೆಂದು ಪತ್ರಿಕೆಯಲ್ಲಿ ಓದಿ, ಇನ್ನು ದೇಶಕ್ಕೆ ಚಿಂತೆಯಿಲ್ಲವೆಂದು ನೆಮ್ಮದಿಯಾಗಿದ್ದೆ. ಆ ಬಿಗಿಯ ಮೊದಲ ಫಲ ನಮ್ಮ ಮನೆಗೇ ಸಿಗುವುದೆಂದು ಎಣಿಸಿರಲಿಲ್ಲ.

ಕಳೆದ ತಿಂಗಳು ನಮ್ಮ ಸಣ್ಣ ಬೆಳೆಗಾರರ ಸಂಘದವರು ಶ್ರೀಲಂಕಾದ ಚಹಾ ತೋಟ ನೋಡಲು ಹೋದಾಗ, ಅರವತ್ತು ವರ್ಷ ಎಲೆ ಕಿತ್ತ ನನ್ನ ಹೆತ್ತೆಯನ್ನು, ಅಂದರೆ ಎಂಬತ್ತಾರು ವರ್ಷದ ಅಜ್ಜಿ ಮಾದಿಯವರನ್ನು, ನಾನೇ ಕರೆದೊಯ್ದಿದ್ದೆ. ಮರಳಿ ಬರುವಾಗ ಅವರ ಸೊಂಟದ ಗಂಟಿನಲ್ಲಿದ್ದ ಹಿತ್ತಾಳೆ ಡಬ್ಬಿಯನ್ನು ತಮ್ಮ ಯಂತ್ರ ಕಂಡುಹಿಡಿಯಿತು. ಡಬ್ಬಿಯಲ್ಲಿ ಕಡಲೆಬೇಳೆಯಷ್ಟೂ ಇಲ್ಲದ ಒಂದು ಚಿನ್ನದ ನಾಣ್ಯವಿತ್ತು. ಪೆಟ್ಟಿಗೆ ಪೆಟ್ಟಿಗೆ ಚಿನ್ನ ತರುವವರು ಪಕ್ಕದ ಬಾಗಿಲಲ್ಲಿ ಹಾದುಹೋಗುತ್ತಾರೆಂಬ ಚಾಡಿಮಾತನ್ನು ನಂಬದೆ ಈ ಒಂದು ಕಾಳಿನ ಮೇಲೆ ಬಿದ್ದ ತಮ್ಮ ಹದ್ದಿನ ಕಣ್ಣನ್ನು ಎಷ್ಟು ಹೊಗಳಿದರೂ ಸಾಲದು.

ಬಡಗರಾದ ನಮ್ಮಲ್ಲಿ, ಪ್ರಾಣ ಹೋಗುವ ಹೊತ್ತಿಗೆ ‘ಹಣ’ವೆಂಬ ಈ ಪುಟ್ಟ ನಾಣ್ಯವನ್ನು ಬೆಣ್ಣೆಯಲ್ಲಿ ಅದ್ದಿ ಬಾಯಿಗಿಡುವುದು ವಾಡಿಕೆ. ದೂರದ ಊರಲ್ಲಿ ಏನಾದರೂ ಆದೀತೆಂದು ಹೆತ್ತೆ ತನ್ನದನ್ನು ಜೊತೆಗೇ ಒಯ್ದಿದ್ದರು. ಯಾತಕ್ಕೆಂದು ತಾವು ಕೇಳಿದಾಗ ‘ಸಾವ ಹೊತ್ತುಗ ಎನಗ ಬೇಕು’ ಎಂದು ನಿಜವನ್ನೇ ಹೇಳಿದರು. ನುಂಗುವುದಕ್ಕೆಂದು ನಾನು ಬಿಡಿಸಿ ಹೇಳಿದ್ದೇ ತಪ್ಪಾಯಿತು. ಚಿನ್ನ ನುಂಗಿ ಗಡಿ ದಾಟಿಸುವವರ ಪಟ್ಟಿಯೇ ತಮ್ಮಲ್ಲಿತ್ತು. ತಾವು ಬಗ್ಗಿ ಬರೆದುಕೊಳ್ಳುವಾಗ, ಕಿರಿಯರು ಬಗ್ಗುವುದು ಆಶೀರ್ವಾದಕ್ಕೆಂದೇ ತಿಳಿದಿರುವ ಹೆತ್ತೆ ತಮ್ಮ ತಲೆಯ ಮೇಲೆ ಕೈಯಿಟ್ಟು ಹರಸಿದ್ದು, ಕರ್ತವ್ಯಕ್ಕೆ ಅಡ್ಡಿಯೆಂದು ದಾಖಲಾಗಿದೆ. ಅವರ ತಾಯಿ ಕೊಟ್ಟ ನಾಣ್ಯಕ್ಕೆ ಖರೀದಿ ರಸೀದಿಯನ್ನೂ ಕೇಳಿದಿರಿ; ಇಲ್ಲವೆಂದಾಗ ನಾಣ್ಯವನ್ನು ಲಕೋಟೆಗೆ ಹಾಕಿ ಮೊಹರು ಒತ್ತಿ ತಮ್ಮಲ್ಲೇ ಇಟ್ಟುಕೊಂಡಿರಿ. ಅದನ್ನು ಅಚ್ಚು ಹಾಕಿದ ರಾಜರು ರಸೀದಿ ಕೊಡದೆ ತೀರಿಹೋದದ್ದಕ್ಕೆ ಅವರ ಪರವಾಗಿ ಕ್ಷಮೆ ಕೋರುತ್ತೇನೆ.

ಮಾನ್ಯರೇ, ಊರಿಗೆ ಬಂದ ವಾರಕ್ಕೇ ಹೆತ್ತೆ ಹಾಸಿಗೆ ಹಿಡಿದರು. ನನ್ನ ಹೆಂಡತಿ ಕಲಾ ಊಟಿಯ ಅಂಗಡಿಯಿಂದ ಹೊಸ ಚಿನ್ನದ ಚೂರು ತಂದು ತೋರಿಸಿದರೆ, ಮುಖ ತಿರುಗಿಸಿ ಹಲ್ಲು ಕಚ್ಚುತ್ತಾರೆ. ಅದು ಅವರದಲ್ಲ. ಅಮ್ಮ ಕೊಟ್ಟದ್ದೇ ಬೇಕಂತೆ. ನನಗೆ ಸಿಟ್ಟು ಬಂದಿದೆ ಎಂಬುದನ್ನು ಇಲ್ಲಿ ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಆದಕಾರಣ ಮೊಹರು ಹಾಕಿದ ಲಕೋಟೆಯೊಂದಿಗೆ ತಮ್ಮ ಒಬ್ಬ ಸಿಬ್ಬಂದಿಯನ್ನು ಸೋಲೂರಿನ ಬಸ್ಸು ಹತ್ತಿಸಬೇಕಾಗಿ ಪ್ರಾರ್ಥನೆ. ಬೆಣ್ಣೆ ನಮ್ಮದು. ಅವರೇ ಕೈಯಾರೆ ನಾಣ್ಯವನ್ನು ಬಾಯಿಗಿಟ್ಟು, ಪ್ರಯಾಣಿಕರು ದೇಶ ಬಿಟ್ಟರೆಂದು ಮುದ್ರೆ ಒತ್ತಿ ಹೋಗಬಹುದು. ಈ ಚಿನ್ನ ಮತ್ತೆ ಯಾವ ಗಡಿಯಿಂದಲೂ ಒಳಗೆ ಬಾರದೆಂದು ನಮ್ಮ ಹಟ್ಟಿಯವರೆಲ್ಲ ಮುಚ್ಚಳಿಕೆ ಬರೆದುಕೊಡಲು ಸಿದ್ಧ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಕಡತದಲ್ಲಿ ‘ನಿಗಾ ಇಡತಕ್ಕ ಸಹಪ್ರಯಾಣಿಕ’,
ಭೋಜನ್

ಮರೆತ ಮಾತು: ಮುಂದಿನ ತಿಂಗಳು ಹದಿನೆಂಟಕ್ಕೆ ವಿಚಾರಣೆ, ಮಾದಿಯವರೇ ಖುದ್ದು ಹಾಜರಾಗಬೇಕು ಎಂಬ ತಮ್ಮ ನೋಟೀಸು ಈಗಷ್ಟೇ ತಲುಪಿತು. ಇನ್ನೆರಡು ದಿನ ಉಳಿದರೆ ಹೆಚ್ಚೆಂದಿದ್ದಾರೆ ಡಾಕ್ಟರು. ಆದರೆ ಹಣ ಅಂದು ಸಿಗಬಹುದೆಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಹೆತ್ತೆ ಹದಿನೆಂಟರವರೆಗೆ ಪ್ರಾಣ ಹಿಡಿದುಕೊಳ್ಳಲು ಒಪ್ಪಿದ್ದಾರೆ. ಒಂದೊಂದು ಉಸಿರಿಗೂ ನರಳುತ್ತಿದ್ದಾರೆ. ದಯವಿಟ್ಟು ವಿಚಾರಣೆಯನ್ನು ಮುಂದೂಡಬೇಡಿ.