ಪಕ್ಕದ ಸ್ವರಕ್ಕೆ ಜಾರಿದವಳು

ಸಂಕೋಚದ ಸ್ವಭಾವದವರಿಂದ ಯಾರಿಗೂ ತೊಂದರೆಯಿಲ್ಲ ಎಂದು ಜನ ನಂಬಿದ್ದಾರೆ. ಮೊಮ್ಮಕ್ಕಳೇ, ನೀವು ನಂಬಬೇಡಿ. ನಿಮ್ಮ ಅಮ್ಮನ ಹದಿನೈದು ವರ್ಷದ ಕೆಲಸವನ್ನು ನಾನು ಒಂದು ಮಾತೂ ಆಡದೆ ಮುಗಿಸಿದ್ದೇನೆ.

ಅವಳು ಕಲಿತದ್ದು ಬಲ್ಗೇರಿಯಾ, ಸರ್ಬಿಯಾ, ರಷ್ಯಾ ಕಡೆಯ ಹಾಡುಗಳನ್ನು ಗುಂಪಿಗೆ ಹೇಳಿಕೊಟ್ಟು ಹಾಡಿಸುವ ವಿದ್ಯೆ. ನಮ್ಮ ಹಳ್ಳಿ ಶಾಲೆಯ ಭೂಪಟ ಆ ಜಾಗದಲ್ಲೇ ಹರಿದಿದ್ದರಿಂದ ಅಂಥ ದೇಶಗಳಿವೆಯೆಂದೇ ನನಗೆ ಗೊತ್ತಿರಲಿಲ್ಲ. ಮದುವೆಮನೆಗಳಲ್ಲಿ ಮಗಳೇನು ಮಾಡುತ್ತಾಳೆಂದು ಕೇಳಿದರೆ ಸಂಗೀತ ಎನ್ನುತ್ತಿದ್ದೆ. ವೀಣೆಯೋ ಹಾಡುಗಾರಿಕೆಯೋ ಎಂದು ಬಿಡದೆ ಕೇಳಿದರೆ, ಎದುರು ನಿಂತು ಕೈ ಆಡಿಸುತ್ತಾಳೆ ಎನ್ನಬೇಕಾಗುತ್ತಿತ್ತು. ಅವರು ಅಯ್ಯೋ ಪಾಪ ಎಂಬಂತೆ ನೋಡಿ ನನಗೆ ಇನ್ನೊಂದು ಹೋಳಿಗೆ ಹಾಕಿಸುತ್ತಿದ್ದರು.

ಆ ಹಾಡುಗಳನ್ನು ಗಂಟಲು ತೆರೆದು, ಹೊಲದ ಆಚೆ ಬದಿಯವರನ್ನು ಕೂಗಿ ಕರೆದಂತೆ ಹಾಡಬೇಕು. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅಭ್ಯಾಸವಿದ್ದ ದಿನ ನಿಮ್ಮ ತಾತ ಕಿಟಕಿಗಳನ್ನೆಲ್ಲ ಮುಚ್ಚಿ, ಗಲಾಟೆಯೆಂದು ಬಂದವರಿಗೆ ಸಮಾಧಾನ ಹೇಳಲು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರು ತೀರಿಹೋದ ಮೇಲೆ ಒಂದು ಸಂಜೆ ಮಹಡಿ ಮನೆಯ ಪದ್ಮಮ್ಮ, "ಈಗ ಯಾರು ಹೋಗ್ಬಿಟ್ರು?" ಎಂದು ಕೇಳುತ್ತ ಇಳಿದು ಬಂದರು. ಅಲ್ಲಿಗೆ ಮನೆಯ ಅಭ್ಯಾಸ ನಿಂತಿತು. ಜಾಗವಿಲ್ಲದೆ, ಇಪ್ಪತ್ತು ಹೆಂಗಸರಿದ್ದ ಅವಳ ತಂಡ ಏಳಕ್ಕೆ ಇಳಿಯಿತು. ಬಸವನಗುಡಿಯ ಒಂದು ಭಜನಾ ಮಂಡಳಿಯವರು, ಶನಿವಾರ ಬಂದು ಹಾಡಿ, ಹಿಡಿಸಿದರೆ ವಾರಕ್ಕೊಂದು ಸಂಜೆ ಹಾಲ್ ಕೊಡುತ್ತೇವೆ ಎಂದರು. ಸಿಗದಿದ್ದರೆ ತಂಡ ಮುಚ್ಚುವುದೆಂದು ನಿಮ್ಮ ಅಮ್ಮ ತೀರ್ಮಾನಿಸಿದ್ದಳು. ಅದೇ ವಾರ ಏಳರಲ್ಲಿ ಒಬ್ಬರಿಗೆ ಗಂಟಲು ಕಟ್ಟಿತು.

"ಅಮ್ಮಾ, ನೀನು ಒಂದೇ ಒಂದು ಸ್ವರ ಹಿಡ್ಕೊಂಡು ನಿಂತ್ಕೋ, ತಂಬೂರಿ ಥರ," ಎಂದಳು. "ಪಕ್ಕದವಳು ಅದಕ್ಕೆ ಅಂಟಿಕೊಂಡಿರೋ ಸ್ವರ ಹಾಡ್ತಾಳೆ. ಎರಡೂ ಉಜ್ಜುತ್ತೆ. ಉಜ್ಜಲಿ, ಈ ಹಾಡಿನ ಜೀವವೇ ಅದು. ನೀನು ಮಾತ್ರ ಅಲ್ಲಾಡ್ಬೇಡ."

ನಾನು ಬೆಳೆದದ್ದು ಭಜನೆಯಲ್ಲಿ. ನಮ್ಮೂರಿನಲ್ಲಿ ಯಾರದಾದರೂ ಶ್ರುತಿ ತಪ್ಪಿದರೆ ತಿರುಗಿ ನೋಡುವುದಿಲ್ಲ. ಪಕ್ಕದವರೇ ಮೆಲ್ಲಗೆ ಅವರ ಸ್ವರಕ್ಕೆ ಹೋಗಿ ಸೇರಿಕೊಳ್ಳುತ್ತಾರೆ, ಅವರಿಗೆ ಅವಮಾನವಾಗದಿರಲಿ ಎಂದು. ಶನಿವಾರ ಎರಡು ಹಾಡಿನವರೆಗೆ ಗೋಡೆ ಗಡಿಯಾರ ನೋಡುತ್ತ ಹೇಗೋ ನಿಂತೆ. ಮೂರನೆಯದರಲ್ಲಿ ಪಕ್ಕದ ಹುಡುಗಿಯ ಕತ್ತಿನ ನರ ಉಬ್ಬಿದ್ದು ಕಾಣಿಸಿತು. ನನ್ನಿಂದಲೇ ಇವಳಿಗೆ ಇಷ್ಟು ಕಷ್ಟ ಅನ್ನಿಸಿತು. ಅವಳ ಸ್ವರಕ್ಕೇ ಜಾರಿದೆ. ನನ್ನನ್ನೇ ನಂಬಿ ನಿಂತಿದ್ದ ಇನ್ನೊಂದು ಬದಿಯವಳೂ ಜಾರಿದಳು. ಒಂದು ನಿಮಿಷದೊಳಗೆ ಏಳು ಜನರದೂ ಒಂದೇ ಸ್ವರ. ನಿಮ್ಮ ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಹಾಲಿನಲ್ಲಿ ತಲೆಗಳು ತೂಗತೊಡಗಿದವು. ಯಾರೋ ತಾಳವನ್ನೂ ಹಾಕಿದರು.

"ಮೊದಮೊದಲು ಸ್ವಲ್ಪ ಭಯ ಆಯ್ತಮ್ಮ," ಎಂದರು ಮಂಡಳಿಯ ಅಧ್ಯಕ್ಷರು. "ಆಮೇಲೆ ಶ್ರುತಿ ಸೇರ್ತು ನೋಡಿ, ಬಹಳ ಚೆನ್ನಾಗಿತ್ತು. ಹಾಲ್ ನಿಮ್ದೇ. ಇನ್ಮೇಲೆ ಹಾಗೇ ಹಾಡಿ."

ನಿಮ್ಮ ಅಮ್ಮ ಕೈಮುಗಿದು, ಬೇಡ ಸಾರ್ ಎಂದಳು. ಆಟೋದಲ್ಲಿ ನಾನು ಏನೋ ಹೇಳಲು ಹೊರಟೆ.

"ಹದಿನೈದು ವರ್ಷದಲ್ಲಿ ಇವತ್ತೇ ಕಣಮ್ಮ ಜನ ತಲೆ ತೂಗಿದ್ದು," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುವಾರ ಅಧ್ಯಕ್ಷರು ಫೋನ್ ಮಾಡಿ, ತಂಡ ಇಲ್ಲದಿದ್ದರೆ ಹೋಗಲಿ, ಆ ದೊಡ್ಡಮ್ಮನವರನ್ನಾದರೂ ಭಜನೆಗೆ ಕಳಿಸಿ ಎಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ಶನಿವಾರ ಶನಿವಾರ ಅದೇ ಹಾಲಿನಲ್ಲಿ ಹದಿನಾಲ್ಕು ಹೆಂಗಸರು ನನ್ನ ಮುಖ ನೋಡಿಕೊಂಡು ಹಾಡುತ್ತಾರೆ. ಕರೆದುಕೊಂಡು ಬರುವ ನಿಮ್ಮ ಅಮ್ಮ ಒಳಗೆ ಬರುವುದಿಲ್ಲ, ಹೊರಗೆ ಸ್ಕೂಟರಿನ ಮೇಲೆ ಕೂತಿರುತ್ತಾಳೆ. ಅವಳಿಗೆ ಕೇಳಿಸದಿರಲೆಂದು ನಾನು ತುಂಬ ಮೆಲ್ಲಗೆ ಹಾಡುತ್ತೇನೆ. ಅದರಲ್ಲೇ ಭಕ್ತಿ ಇದೆ ಎಂದು ಎಲ್ಲರೂ ಹೊಗಳುತ್ತಾರೆ.