ಆಸೀ ಅಂಕಲ್

ನನಗೊಂದು ಚಾಳಿಯಿದೆ. ಯಾರೂ ಕೇಳದಿದ್ದರೂ ಪದಗಳ ಹುಟ್ಟು ಹೇಳುತ್ತೇನೆ. ಊಟಕ್ಕೆ ಕರೆದವರನ್ನು ಎದುರಿಗೆ ಕೂರಿಸಿಕೊಂಡು, ಸಾರು ಆರುವವರೆಗೂ ಬಿಡುವುದಿಲ್ಲ. ನನ್ನ ಹೆಂಡತಿ ಸುಮಾ ಇದನ್ನು ಕೊರೆತ ಎನ್ನುತ್ತಾಳೆ. ನಾನು ಪಾಂಡಿತ್ಯ ಎನ್ನುತ್ತೇನೆ.

ಅಮೆರಿಕದ ಪ್ರಾಸ್ಪರ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಗೆ ಆಸ್ಟ್ರೇಲಿಯಾದ ಕ್ರೇಗ್ ಶಿಫ್ಟ್ ಆದ. ಟ್ರಕ್ಕಿನಿಂದ ಸೋಫಾಕ್ಕಿಂತ ಮೊದಲು ಕ್ರಿಕೆಟ್ ಕಿಟ್ ಇಳಿಯಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಮ್ಮ ಭಾನುವಾರದ ತಂಡದ ತುಂಬ ಮಂಡಿನೋವಿನ ಇಂಜಿನಿಯರುಗಳೇ. ಸೋತೂ ಸೋತೂ ನನ್ನ ಕ್ಯಾಪ್ಟನ್‌ಗಿರಿ ಅಲುಗಾಡುತ್ತಿತ್ತು. ಈತನೊಬ್ಬ ಬೌಲಿಂಗ್‌ಗೆ ಬಂದರೆ ನಾನು ಉಳಿದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನನ್ನ ಮಗಳು ಡ್ರೈವ್‌ವೇಯಿಂದಲೇ "ಹಾಯ್, ಆಸೀ ಅಂಕಲ್!" ಎಂದು ಕೂಗಿದಳು. ಕ್ರೇಗ್‌ನ ಮುಖ ಇಳಿದುಹೋಯಿತು. ಗರಾಜ್ ಬಾಗಿಲು ಹಾಕಿಕೊಂಡ.

"ರೀ, ಅದು ಬೈಗುಳ ಇರಬೇಕು! ನೀವೇ ತಾನೇ ಕಲಿಸಿದ್ದು?" ಎಂದಳು ಸುಮಾ.

ಬೈಗುಳ ಹೇಗಾದೀತು? ಊರಿನ ಪತ್ರಿಕೆಗಳ ಕ್ರೀಡಾಪುಟದಲ್ಲಿ ಜಾಗ ಸಾಲದೆ 'ಆಸೀಸ್‌ಗೆ ಸೋಲು' ಎಂದು ಹಾಕುತ್ತಿದ್ದುದನ್ನು ಓದಿಯೇ ನಾನು ಬೆಳೆದದ್ದು. ಆದರೂ ಅನುಮಾನಕ್ಕೆ ಇಂಟರ್ನೆಟ್ ಜಾಲಾಡಿ, ತಟ್ಟೆ ತುಂಬ ಕೋಡುಬಳೆ ಹಿಡಿದು ಅವನ ಮನೆಗೆ ಹೋದೆ. ಬಾಗಿಲಲ್ಲೇ ಶುರು ಮಾಡಿದೆ: ನಿಮ್ಮವರು ಬ್ರೇಕ್‌ಫಾಸ್ಟನ್ನು ಬ್ರೆಕ್ಕಿ, ಬಾರ್ಬೆಕ್ಯೂವನ್ನು ಬಾರ್ಬಿ ಮಾಡಿದ ಹಾಗೆಯೇ ಆಸ್ಟ್ರೇಲಿಯನ್ನರನ್ನೂ ಕತ್ತರಿಸಿ ಆಸೀ ಮಾಡಿದ್ದೀರಿ, ಮೊದಲನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ಬಾಯಲ್ಲಿ ಓಡಾಡಿದ ಮಾತು, ನಮ್ಮಲ್ಲಿ ಚಂದ್ರಶೇಖರ ಚಂದ್ರು ಆಗುವಂತೆ, ಬರೀ ಪ್ರೀತಿ.

ಕೋಡುಬಳೆ ಕಟುಂ ಎನ್ನಿಸುತ್ತ ಅವನು ಪೂರ್ತಿ ಕೇಳಿದ. ಆಮೇಲೆ ಹೇಳಿದ, ಆಸೀ ಅಂದರೆ ತನಗೆ ಹೆಮ್ಮೆಯೇ. ಆದರೆ ಅಂಕಲ್ ಯಾಕೆ? ತಾನು ಅಷ್ಟು ಮುದುಕನಂತೆ ಕಾಣುತ್ತೇನೆಯೇ?

ಅದು ವಯಸ್ಸಲ್ಲ, ಗೌರವ. ನಮ್ಮಲ್ಲಿ ದೊಡ್ಡವರನ್ನು ಬರೀ ಹೆಸರಿನಿಂದ ಕರೆದರೆ ಮರ್ಯಾದೆಯಲ್ಲ ಎಂದು ಸಮಜಾಯಿಷಿ ಕೊಟ್ಟೆ. ಅವನು ನನ್ನ ವಯಸ್ಸು ಕೇಳಿದ. ಹೇಳಿದೆ. ಅವನೂ ತನ್ನದು ಹೇಳಿದ. ಆ ಬೋಳುತಲೆ ನೋಡಿ ಮೋಸಹೋಗಿದ್ದೆ; ನನಗಿಂತ ಚಿಕ್ಕವನು! ಅವನ ಮುಖ ಅರಳಿತು. ಭಾನುವಾರದ ಆಟಕ್ಕೆ ಕರೆದೆ, ಖಂಡಿತ ಬರುತ್ತೇನೆ ಎಂದ.

ಬಂದ. ಇಡೀ ಮೈದಾನಕ್ಕೆ ಕೇಳುವಂತೆ, "ಬಾಲ್ ಕೊಡಿ, ಅಂಕಲ್!" ಎಂದು ಇಂಗ್ಲಿಷಿನಲ್ಲಿ ಕೂಗಿದ. ಎದುರಾಳಿಗಳ ವಿಕೆಟ್ಟುಗಳನ್ನು ಉದುರಿಸಿದ. ನಾವು ಗೆದ್ದೆವು, ನನ್ನ ಕ್ಯಾಪ್ಟನ್‌ಗಿರಿಯೂ ಉಳಿಯಿತು. ಈಗ ತಂಡದವರಷ್ಟೇ ಅಲ್ಲ, ಅಂಪೈರ್ ಕೂಡ ನನ್ನನ್ನು ಅಂಕಲ್ ಎನ್ನುತ್ತಾನೆ. ಆ ಪದ ಎಲ್ಲಿಂದ ಬಂತು ಎಂದು ಮೊನ್ನೆ ಯಾರೋ ನಿಜವಾಗಿಯೂ ಕೇಳಿದರು. ಜೀವನದಲ್ಲಿ ಮೊದಲ ಬಾರಿಗೆ, ಗೊತ್ತಿಲ್ಲ ಎಂದುಬಿಟ್ಟೆ.